ನೀನು ಡಬ್ಬಿಗೆ ಮರಳಿ ಹಾಕಿದ ಚೀಟಿ

ಮುಧೋಳ
೧೧ ಜೂನ್ ೨೦೨೪, ಮಂಗಳವಾರ ಮುಂಜಾನೆ

ಪ್ರೀತಿಯ ಮಗ ಪ್ರೇಮಕುಮಾರನಿಗೆ,

ಕರ್ತನ ಹೆಸರಿನಲ್ಲಿ ನಿನ್ನ ಅವ್ವ ಸುಂದರವ್ವನ ಆಶೀರ್ವಾದ. ಹೇಗಿದ್ದೀಯಪ್ಪಾ? ಉಪವಾಸ ಒಗ್ಗಿತೇ? ಮನೆಯಲ್ಲಿ ರೊಟ್ಟಿ ಹತ್ತು ನಿಮಿಷ ತಡವಾದರೆ ಮೋರೆ ಊದಿಸಿಕೊಳ್ಳುತ್ತಿದ್ದವನು ಇಪ್ಪತ್ತೊಂದು ದಿನದ ಉಪವಾಸ ಪ್ರಾರ್ಥನೆಗೆ ಹೋಗಿ ಕುಳಿತಿದ್ದೀಯ, ಹೆತ್ತ ಕರುಳಿಗೆ ಕಾಳಜಿ ಆಗದೇ ಇರುತ್ತದೆಯೇ? ಸಂಜೆ ಗಂಜಿ ಕೊಡುತ್ತಾರಂತೆ. ಎರಡು ಬಟ್ಟಲು ಕುಡಿ, ನಿನಗೆ ಮೊದಲೇ ಪಿತ್ತ. ನನ್ನ ಮೊಣಕಾಲು ನೋವು ಇದ್ದ ಹಾಗೇ ಇದೆ. ಶಿಬಿರದ ಗೇಟಿನಲ್ಲೇ ಫೋನು ಇಸಿದುಕೊಳ್ಳುತ್ತಾರೆಂದು ಈ ಕಾಗದ. ನಮ್ಮ ಸಭೆಯ ಹಿರಿಯ ಭೀಮಪ್ಪ ಇವತ್ತು ತನ್ನ ಗಾಡಿಯಲ್ಲಿ ನನ್ನನ್ನೂ ಸಂಧ್ಯಾಳನ್ನೂ ಮಿರಜಕ್ಕೆ ಬಿಟ್ಟು, ಅಲ್ಲಿಂದ ನಿಮ್ಮ ಕಡೆ ಬರುವವನಿದ್ದಾನೆ. ಮಿರಜಕ್ಕೆ ಯಾಕೆ ಎಂದು ಮಾತ್ರ ಕೇಳಬೇಡ. ನಿನಗೆ ಗೊತ್ತು.

ನಿನ್ನ ಹೆಂಡತಿ ಸಂಧ್ಯಾಳ ಎದೆಯಲ್ಲಿ ಗಂಟು ಇದೆ, ತಡ ಮಾಡದೆ ಮಿರಜದ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಎಂದು ಇಲ್ಲಿನ ಡಾಕ್ಟರಮ್ಮ ಏಪ್ರಿಲ್‌ನಲ್ಲೇ ನಿಮ್ಮಿಬ್ಬರಿಗೂ ಹೇಳಿದ್ದರಂತೆ. ಅದೇ ಮನೆಯಲ್ಲಿರುವ ನನಗೆ ಗೊತ್ತಾದದ್ದು ಜೂನಿನಲ್ಲಿ, ನೀನು ಹೋದ ಮೂರನೇ ದಿನ. ರೊಟ್ಟಿ ಬಡಿಯಲು ಕುಳಿತವಳು ಕೈ ಆಡಿಸಲಾರದೆ ಹಿಟ್ಟಿನ ಮುಂದೆ ಅಳುತ್ತಿದ್ದಳು. "ದೇವರ ಉತ್ತರಾ ಬರೂತನಾ ತಡಿ ಅಂದಾರ್ರೀ ಅತ್ತಿ. ನಿಮಗ ಹೇಳಬ್ಯಾಡ ಅಂತನೂ ಅಂದಾರ್ರೀ" ಎಂದಳು. ಆಹಾ, ಏನು ಭಕ್ತಿಯೋ ಮಹಾರಾಯ! ದೇವರಿಗೆ ಹೇಳಬಹುದು, ಅವ್ವನಿಗೆ ಹೇಳಬಾರದು. ಮರುದಿನವೇ ಅವಳನ್ನು ಬಸ್ಸು ಹತ್ತಿಸಿಕೊಂಡು ಮಿರಜಕ್ಕೆ ಹೋದೆ. ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡರು. ಇವತ್ತು ಅದರ ಫಲಿತಾಂಶ ಹೇಳುತ್ತಾರೆ.

ಹೊಸ ವರ್ಷದ ಆರಾಧನೆಯಲ್ಲಿ ಒಬ್ಬೊಬ್ಬರು ಬೈಬಲಿನ ವಚನ ಬರೆದ ಒಂದೊಂದು ವಾಗ್ದಾನದ ಚೀಟಿ ತೆಗೆಯುವುದು ನಮ್ಮ ಸಭೆಯಲ್ಲಿ ಮೊದಲಿನಿಂದ ಇದ್ದದ್ದೇ. ನಾನೂ ತೆಗೆಯುತ್ತೇನೆ, ಗೋಡೆಗೆ ಹಚ್ಚುತ್ತೇನೆ, ಮನಸ್ಸು ಸೋತಾಗ ಓದುತ್ತೇನೆ. ನಿನಗೆ ವರ್ಷಕ್ಕೊಂದು ಸಾಲಲಿಲ್ಲ. ಅಂಥ ಚೀಟಿಗಳ ಇಡೀ ಡಬ್ಬಿಯನ್ನೇ ಕೊಂಡು ತಂದು ಫ್ರಿಜ್ಜಿನ ಮೇಲಿಟ್ಟೆ. ಮಿಕ್ಸರ್ ಕೊಳ್ಳಲು ಒಂದು ಚೀಟಿ, ಗೋಡೆಗೆ ಬಣ್ಣ ಬಳಿಸಲು ಒಂದು ಚೀಟಿ. ಸಂಧ್ಯಾಳ ಸಾಲಿ ಟೀಚರ್ ಕೆಲಸದ ವರ್ಗಾವಣೆಗೆ ಜಮಖಂಡಿ ಬೇಕೋ ಬೀಳಗಿ ಬೇಕೋ ಎಂದಾಗಲೂ ಚೀಟಿ! ಅದರಲ್ಲಿ ಬೆಟ್ಟದ ಮಾತು ಬಂತೆಂದು, ಬೀಳಗಿ ಕಡೆ ಗುಡ್ಡ ಇದೆಯೆಂದು ಬೀಳಗಿಯನ್ನೇ ಬರೆಸಿದೆ. ಹತ್ತಿರದ ಜಮಖಂಡಿ ಬಿಟ್ಟು ಅವಳು ದಿನಾ ಎರಡು ಬಸ್ಸು ಬದಲಿಸಿ ಸಾಯುತ್ತಿದ್ದಾಳೆ. ಆ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವ ಕೈಯಲ್ಲೇ ಈಗ ನೋವು.

ಏಪ್ರಿಲ್‌ನ ಆ ಸಂಜೆ ನೀನು ಡಬ್ಬಿಯ ಮುಂದೆ ನಿಂತದ್ದನ್ನು ನಾನು ಅಡುಗೆಮನೆಯಿಂದ ನೋಡಿದ್ದೆ. ಯಾವುದೋ ಹೊಸ ಸಾಮಾನಿನ ವಿಚಾರ ಇರಬೇಕು ಎಂದುಕೊಂಡೆ, ಹುಚ್ಚಿ ನಾನು. ಮೊದಲನೇ ಚೀಟಿ ತೆಗೆದು ಓದಿದೆ, ಮೋರೆ ಬಾಡಿತು, ಮರಳಿ ಡಬ್ಬಿಗೆ ಹಾಕಿದೆ. ಎರಡನೆಯದನ್ನೂ ಹಾಕಿದೆ. ಮೂರನೆಯದನ್ನು ಕಿಸೆಯಲ್ಲಿಟ್ಟುಕೊಂಡೆ. ಕಾದುಕೊಂಡಿರು ಎಂಬ ಅರ್ಥದ ವಚನ ಅದು ಎಂದು ಸಂಧ್ಯಾ ಈಗ ಹೇಳಿದಳು. ಹಾಗಾದರೆ ಮೊದಲನೆಯದರಲ್ಲಿ ಏನಿತ್ತೋ? ಎದ್ದು ಹೋಗು ಎಂದಿತ್ತೇ? ದೇವರು ಒಂದೇ ಮಾತಿನಲ್ಲಿ ಉತ್ತರ ಕೊಟ್ಟಿದ್ದನೇನೋ, ನಿನಗೇ ಅದು ಬೇಡವಾಗಿತ್ತು. ಬೇಕಾದ ಉತ್ತರ ಕೈಗೆ ಸಿಗುವವರೆಗೂ ಅವನನ್ನು ಮತ್ತೆ ಮತ್ತೆ ಕೇಳಿ, ಕೊನೆಗೆ ಅವನ ಮೇಲೇ ಭಾರ ಹಾಕಿದೆ. ಥೂ ನಿನ್ನ!

ಕಾರ್ಖಾನೆಯ ಲ್ಯಾಬಿನಲ್ಲಿ ಹದಿನಾರು ವರ್ಷದಿಂದ ಕಬ್ಬಿನ ರಸ ಪರೀಕ್ಷೆ ಮಾಡುತ್ತಿದ್ದೀಯ. ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ಸಾಹೇಬರು ಕೇಳಿದರೆ ಡಬ್ಬಿಗೆ ಕೈ ಹಾಕುತ್ತೀಯಾ? ಯಂತ್ರಕ್ಕೆ ಹಾಕಿ ನೋಡಿ ಹೇಳುತ್ತೀಯ. ಕಬ್ಬಿಗೆ ಇರುವ ಕಿಮ್ಮತ್ತು ಕಟ್ಟಿಕೊಂಡವಳಿಗೆ ಇಲ್ಲವಾಯಿತಲ್ಲ! ನಿನ್ನಪ್ಪನೂ ಪ್ರಾರ್ಥನೆ ಮಾಡದೆ ಹೊಸ್ತಿಲು ದಾಟಿದವರಲ್ಲ. ಎಮ್ಮೆ ಕೊಳ್ಳಲು ಹೋದಾಗಲೂ ಕಣ್ಣು ಮುಚ್ಚಿ "ಬುದ್ಧಿ ಕೊಡಪಾ ದೇವರ" ಎಂದರು. ಆಮೇಲೆ ಕಣ್ಣು ಬಿಟ್ಟು ಕೆಚ್ಚಲು ಮುಟ್ಟಿ ನೋಡಿದರು, ಮೂರು ಹೊತ್ತು ತಾವೇ ಹಿಂಡಿ ನೋಡಿದರು, ಎಮ್ಮೆ ಸಾಕಿದ ಇಬ್ಬರನ್ನು ಕೇಳಿದರು, ಆಮೇಲೆ ತಂದರು. ಅವರು ದೇವರನ್ನು ಕೇಳಿದ್ದು ಬುದ್ಧಿ. ನೀನು ಕೇಳುವುದು ಬುದ್ಧಿ ಉಪಯೋಗಿಸದೇ ಇರಲು ಒಂದು ನೆಪ. ಡಾಕ್ಟರಮ್ಮ ಹೇಳಿದ್ದೂ ಉತ್ತರವೇ ಎಂದು ನಿನಗೆ ಹೊಳೆಯಲಿಲ್ಲವೇ? ಬಿಳಿ ಕೋಟು ಹಾಕಿಕೊಂಡವರ ಬಾಯಿಂದ ದೇವರು ಮಾತಾಡಬಾರದು ಎಂದು ಯಾರು ಹೇಳಿದರು?

ನಿನಗೆ ಹೆದರಿಕೆ. ಅದು ನನಗೆ ಗೊತ್ತು. ನಿನ್ನಪ್ಪನನ್ನು ಅದೇ ಮಿರಜದ ಆಸ್ಪತ್ರೆಯಿಂದ ಹೆಣವಾಗಿ ತಂದಾಗ ಅವರ ಕಾಲು ಹಿಡಿದುಕೊಂಡು ಕೂತವನು ನೀನು. ಹೆದರುವುದು ತಪ್ಪಲ್ಲಪ್ಪಾ. "ಅವ್ವಾ, ನನಗ ಹೆದರಿಕಿ ಆಗೇತಿ, ನೀ ಕರಕೊಂಡ ಹೋಗು" ಎಂದಿದ್ದರೆ ನಿನ್ನ ತಲೆ ಸವರಿ ಅವತ್ತೇ ಹೊರಡುತ್ತಿದ್ದೆ. ಹೆದರಿಕೆಗೆ ವಿಶ್ವಾಸದ ಅಂಗಿ ತೊಡಿಸಿದೆ ನೋಡು, ಅದಕ್ಕೇ ನಿನ್ನನ್ನು ಕಂಡರೆ ಹೇಸಿಕೆ ಬರುತ್ತಿದೆ. ಆ ಹೆಣ್ಣುಮಗಳು ಎರಡು ತಿಂಗಳು ಎದೆಯಲ್ಲಿ ಗಂಟು ಇಟ್ಟುಕೊಂಡು ನಿನಗೆ ಬುತ್ತಿ ಕಟ್ಟಿ ಕಳಿಸಿದ್ದಾಳೆ, ರಜೆ ಮುಗಿದೊಡನೆ ಬೀಳಗಿಯ ಮಕ್ಕಳಿಗೆ ಮಗ್ಗಿ ಹೇಳಿಸಿದ್ದಾಳೆ. ಈಗಲೂ ನಿನ್ನ ಮೇಲೆ ಒಂದು ಮಾತು ಆಡಲು ಬಿಡುವುದಿಲ್ಲ. ನನಗೆ ಅಷ್ಟು ಒಳ್ಳೆಯತನ ಇಲ್ಲ.

ಭೀಮಪ್ಪ ಹಾರ್ನ್ ಹೊಡೆಯುತ್ತಿದ್ದಾನೆ. ಪಾಸ್ಟರರಿಗೆ ನನ್ನ ವಂದನೆ ಹೇಳು. ಅವರನ್ನು ಬೈಯುತ್ತಿಲ್ಲ, ಮನೆಯ ಸುದ್ದಿಯನ್ನು ನೀನು ಅವರಿಗೂ ಪೂರ್ತಿ ಹೇಳಿರಲಾರೆ. ದೇವರು ನಿನ್ನನ್ನು ಕಾಯಲಿ, ನಿನಗೆ ಬುದ್ಧಿಯನ್ನೂ ಕೊಡಲಿ.

ನಿನ್ನ ಅವ್ವ,
ಸುಂದರವ್ವ

ತಾ.ಕ.: ಮಿರಜದ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಭೀಮಪ್ಪನನ್ನು ನಿಲ್ಲಿಸಿಕೊಂಡು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಗಂಟು ಕ್ಯಾನ್ಸರಿನದೇ. ಗುರುವಾರ ಮುಂಜಾನೆ ಆಪರೇಷನ್. ಏಪ್ರಿಲ್‌ನಲ್ಲೇ ಬಂದಿದ್ದರೆ ಗಂಟಷ್ಟೇ ತೆಗೆಯಬಹುದಿತ್ತೇನೋ, ಈಗ ಒಂದು ಕಡೆಯ ಮೊಲೆಯನ್ನೇ ತೆಗೆಯಬೇಕು, ಜೀವಕ್ಕೆ ಭರವಸೆ ಇದೆ ಎಂದರು. ಗಂಡ ಎಲ್ಲಿ ಎಂದು ಕೇಳಿದರು. ಪ್ರಾರ್ಥನೆಗೆ ಹೋಗಿದ್ದಾನೆ ಎನ್ನಲು ನನಗೆ ಬಾಯಿ ಬರಲಿಲ್ಲ. ಕೆಲಸದ ಮೇಲೆ ದೂರ ಹೋಗಿದ್ದಾನೆ ಎಂದು ಸುಳ್ಳು ಹೇಳಿದೆ. ಎಪ್ಪತ್ತೊಂದು ವರ್ಷದಲ್ಲಿ ಪ್ರಾರ್ಥನೆ ಎಂಬ ಮಾತಿಗೆ ನಾನು ನಾಚಿಕೊಂಡದ್ದು ಇವತ್ತೇ. ಒಪ್ಪಿಗೆ ಕಾಗದಕ್ಕೆ ಸಂಧ್ಯಾ ಸಹಿ ಮಾಡಿದಳು, ಮನೆಯವರ ಸಹಿ ನಾನು ಮಾಡಿದೆ. ರೋಗಿಗೆ ನೀವು ಏನಾಗಬೇಕು ಎಂಬಲ್ಲಿ ತಾಯಿ ಎಂದು ಬರೆದಿದ್ದೇನೆ. ಗುರುವಾರ ನೀನು ಬಂದರೆ, ಅವಳಿಗೆ ನೀನು ಏನಾಗಬೇಕು ಎಂದು ಬಾಗಿಲಲ್ಲಿ ನೀನೇ ಹೇಳಿಕೋ.