ಫೋನು-ವ್ಯಾನು

ಭಾನುವಾರ, ಜೂನ್ ೧೪
ಸಂಜೆ

ಶಾಲೆಯ ಬೆಂಚಿನಲ್ಲಿ ಗೆಳತಿಯಾಗಿ, ಆಮೇಲೆ ನಾದಿನಿಯಾದವಳೇ,

ಕರ್ತನ ಹೆಸರಿನಲ್ಲಿ ವಂದನೆಗಳು. ಇಷ್ಟನ್ನು ಶಾಂತವಾಗಿ ಬರೆದಿದ್ದೇನೆ, ಮುಂದಿನದಕ್ಕೆ ನಾನು ಜವಾಬ್ದಾರಳಲ್ಲ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಉತ್ತರ ಬರೆಯಲಿಲ್ಲ, ತಪ್ಪಾಯಿತು. ಫೋನಾದರೂ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮಾಡಬಹುದಿತ್ತು. ಆದರೆ ಈಗೀಗ ಆ ಫೋನನ್ನು ಕಂಡರೆ ಸಾಕು, ಮೈಯೆಲ್ಲ ಉರಿಯುತ್ತದೆ. ಯಾಕೆ ಅಂತ ಹೇಳಲಿಕ್ಕೇ ಈ ಕಾಗದ.

ಮೊದಲು ನಿನ್ನ ಅಣ್ಣನ ಸಮಾಚಾರ. ಪಾರ್ಶ್ವವಾಯು ಬಡಿದ ಬಲಗೈ ಇನ್ನೂ ಮೇಲೇಳುವುದಿಲ್ಲ. ಕಾಲೆಳೆದುಕೊಂಡು, ನನ್ನ ಹೆಗಲು ಹಿಡಿದು, ಮಂಚದಿಂದ ಕಿಟಕಿಯ ಪಕ್ಕದ ಕುರ್ಚಿಯವರೆಗೆ ಬರುತ್ತಾರೆ. ಊಟ ಸೇರುತ್ತಿದೆ. ಮಾತು ಪೂರ್ತಿ ಹೋಗಿತ್ತು. ಈಗ ಒಂದೇ ಒಂದು ಮಾತು ತಿರುಗಿ ಬಂದಿದೆ, ಅದೂ ತೊದಲು ತೊದಲಾಗಿ. ಬೇಕರಿಯವರು ವ್ಯಾನಿಗೆ ಬೇರೆ ಡ್ರೈವರನ್ನು ಹಾಕಿಕೊಂಡರು. ಬೆಳಿಗ್ಗೆ ಕೆಳಗೆ ಅದರ ಸದ್ದು ಕೇಳಿದರೆ ಇವರು ಗೋಡೆಯ ಕಡೆ ಮುಖ ಮಾಡುತ್ತಾರೆ.

ಚರ್ಚಿನ ಸಭೆಯಲ್ಲಿ ನಮ್ಮಿಬ್ಬರಿಗೆ ಇಟ್ಟ ಅಡ್ಡಹೆಸರು ನಿನಗೆ ಗೊತ್ತೇ ಇದೆ: ಫೋನು-ವ್ಯಾನು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಹೆರಿಗೆ, ಯಾರ ಮನೆಯಲ್ಲಿ ಸಾವು ಅಂತ ಸುದ್ದಿ ಬಂದರೆ ಫೋನ್ ಹಿಡಿದು ಕೂರುವವಳು ನಾನು. "ನೀನು ಅಡುಗೆ ಮಾಡ್ಕೊಂಡು ಹೋಗು, ನೀನು ಮಕ್ಕಳನ್ನ ನೋಡ್ಕೋ, ನೀನು ಆಸ್ಪತ್ರೆಲಿ ಕೂತ್ಕೋ." ಯಾರೂ ಇಲ್ಲ ಅಂದದ್ದಿಲ್ಲ, ಅದನ್ನು ಒಪ್ಪುತ್ತೇನೆ. ಭಾನುವಾರ ನಡೆಯಲಾರದ ಮುದುಕರನ್ನೆಲ್ಲ ಬ್ರೆಡ್ಡಿನ ವಾಸನೆಯ ವ್ಯಾನಿನಲ್ಲಿ ತುಂಬಿಕೊಂಡು ಬಂದು ದೇವಾಲಯದ ಬಾಗಿಲಿಗೆ ಇಳಿಸುವವರು ಇವರು. ಮೆಟ್ಟಿಲು ಇಳಿಯಲಾಗದವರನ್ನು ಕೂಸಿನ ಹಾಗೆ ಎತ್ತಿಕೊಂಡು ಬರುತ್ತಿದ್ದರು. ದರ್ಜಿಯ ತಾಯಿ ಎಷ್ಟು ದಪ್ಪ ಅಂತ ನಿನಗೆ ನೆನಪಿದೆ ತಾನೇ? ಅವರನ್ನೂ ಎತ್ತಿದ್ದಾರೆ, ನಗುನಗುತ್ತಾ.

ಹೀಗಾಗಿ ಆಸ್ಪತ್ರೆಯಿಂದ ಬಂದ ದಿನ, ಇನ್ನು ಸಭೆಗೆ ಸಭೆಯೇ ನುಗ್ಗಿ ಬರುತ್ತದೆ, ಕೂರಲು ಜಾಗ ಸಾಲದು ಅಂದುಕೊಂಡು ಪಕ್ಕದ ಮನೆಯಿಂದ ಕುರ್ಚಿಗಳನ್ನು ತಂದು ಸಾಲಾಗಿ ಇಟ್ಟೆ. ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಮರುದಿನವೂ ಇಲ್ಲ, ಮರುವಾರವೂ ಇಲ್ಲ. ಕೊನೆಗೆ ನಾಚಿಕೆಯಾಗಿ ಕುರ್ಚಿಗಳನ್ನು ವಾಪಸ್ ಕೊಟ್ಟೆ.

ದಾರಿಯಲ್ಲಿ ಸಿಕ್ಕವರ ಬಾಯಲ್ಲೆಲ್ಲ ಒಂದೇ ಮಾತು. ಔಷಧಿ ಅಂಗಡಿಯ ಮುಂದೆ ದರ್ಜಿ ಸಿಕ್ಕಿದ. "ಪ್ರಾರ್ಥಿಸ್ತಾ ಇದ್ದೀವಿ ಅಕ್ಕಾ. ಏನಾದ್ರೂ ಬೇಕಾದ್ರೆ ಫೋನ್ ಮಾಡಿ." ಬಸ್ ಸ್ಟಾಪಿನಲ್ಲಿ ನರ್ಸಮ್ಮ ಸಿಕ್ಕಳು. "ಬೇಕಾದ್ರೆ ಫೋನ್ ಮಾಡಿ ಅಕ್ಕಾ, ಸಂಕೋಚ ಬೇಡ." ಬೇಕಾದ್ರೆ ಅಂತೆ! ಗಂಡ ಹಾಸಿಗೆ ಹಿಡಿದಿದ್ದಾನೆ, ಹೆಂಡತಿ ಒಬ್ಬಳೇ ಒದ್ದಾಡುತ್ತಿದ್ದಾಳೆ, ಇನ್ನೂ ಬೇಕೋ ಬೇಡವೋ ಅಂತ ನಾನು ಅರ್ಜಿ ಹಾಕಬೇಕಂತೆ! ಇನ್ನೊಬ್ಬರಿಗೋಸ್ಕರ ಕೇಳುವಾಗ ನನ್ನ ಬಾಯಿ ಊರಗಲ. ನನಗೋಸ್ಕರ ಕೇಳಬೇಕು ಅಂದರೆ ನಾಲಿಗೆಯೇ ಏಳುವುದಿಲ್ಲ. ಅದು ಅಹಂಕಾರ ಅಂತ ನೀನಂದರೆ ಅಹಂಕಾರವೇ ಆಗಲಿ.

ನನಗೇನೂ ಬೇಕಿರಲಿಲ್ಲ ಕಣೇ. ಬೇಕಿದ್ದದ್ದು ಇವರಿಗೆ. ಭಾನುವಾರ ಬಂದರೆ ಇಸ್ತ್ರಿ ಅಂಗಿಯ ಕಡೆ ಎಡಗೈ ತೋರಿಸುತ್ತಾರೆ. ತೊಡಿಸಿ, ತಲೆ ಬಾಚಿ, ಕಿಟಕಿಯ ಹತ್ತಿರ ಕೂರಿಸುತ್ತೇನೆ. ಅಲ್ಲಿಂದ ಬೀದಿ ನೋಡುತ್ತಾ ಕೂರುತ್ತಾರೆ. ಯಾರಾದರೂ ಬಂದು ಎತ್ತಿಕೊಂಡು ಹೋಗುತ್ತಾರೆ ಅಂತ ಕಾಯುತ್ತಾರೆ, ಊರಿನವರನ್ನೆಲ್ಲ ಎತ್ತಿದ ಮನುಷ್ಯ! ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ನನ್ನೊಬ್ಬಳ ಕೈಲಾಗುವ ಮಾತೇ ಅಲ್ಲ. ಆರಾಧನೆ ಮುಗಿದಿರಬೇಕು ಅನ್ನುವ ಹೊತ್ತಿಗೆ ಎಡಗೈಯಿಂದ ತಾವೇ ಅಂಗಿಯ ಗುಂಡಿ ಬಿಚ್ಚಲು ತಡಕಾಡುತ್ತಾರೆ. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕುತ್ತೇನೆ. ಎರಡು ಲೋಟ ನೆಗ್ಗಿಹೋಗಿವೆ.

ಇವತ್ತು ತಡೆಯಲಾಗಲಿಲ್ಲ. ಪಕ್ಕದ ಮನೆಯವರನ್ನು ಇವರ ಹತ್ತಿರ ಕೂರಿಸಿ ನಾನೊಬ್ಬಳೇ ಆರಾಧನೆಗೆ ಹೋದೆ. ಪ್ರಸಂಗ ಯಾವುದರ ಮೇಲೆ ಗೊತ್ತಾ? ವಿಶ್ವಾಸಿಗಳು ಒಬ್ಬರಿಗೊಬ್ಬರು ಆಸರೆಯಾಗುವುದರ ಮೇಲೆ! ಪಾಸ್ಟರ್ ಕಣ್ಣು ಮುಚ್ಚಿಕೊಂಡು, ಕೈ ಚಾಚಿಕೊಂಡು, ಎಷ್ಟು ಚೆಂದ ಮಾತಾಡಿದರು ಅಂದರೆ ನನಗೆ ಹಲ್ಲು ಕಡಿದು ಕಡಿದು ದವಡೆ ನೋವು ಬಂತು. ಅದು ಮುಗಿಯಿತೋ ಇಲ್ಲವೋ, ಸಭೆಯ ಕಾರ್ಯದರ್ಶಿ, ಅದೇ ಆ ನಿವೃತ್ತ ಹೆಡ್‌ಮಾಸ್ಟರ್, ಎದ್ದು ನಿಂತರು. "ನಮ್ಮ ಫೋನಕ್ಕನ ಕುಟುಂಬವನ್ನ ಸಭೆ ಪ್ರಾರ್ಥನೆಲಿ ಎತ್ತಿ ಹಿಡಿದಿದೆ. ಅಕ್ಕ ಬಂದು ದೇವರು ಮಾಡಿದ ಉಪಕಾರದ ಬಗ್ಗೆ ಎರಡು ಮಾತು ಸಾಕ್ಷಿ ಹೇಳ್ಬೇಕು."

ಹೇಳಿದೆ.

"ಪ್ರಾರ್ಥನೆ ಮಾಡಿದ್ದೀರಿ, ನಿಮಗೆ ಒಳ್ಳೇದಾಗ್ಲಿ. ನಮ್ಮ ಮನೆ ಮೂರನೇ ಮಹಡಿ. ದೇವರು ಹತ್ತಿ ಬಂದಿದ್ದಾನೆ. ನೀವ್ಯಾರೂ ಹತ್ತಿ ಬಂದಿಲ್ಲ. ನೀವು ಎತ್ತಿ ಹಿಡಿದಿದ್ದೀವಿ ಅಂತೀರಲ್ಲ, ಆ ಮನುಷ್ಯ ಇವತ್ತೂ ಇಸ್ತ್ರಿ ಅಂಗಿ ಹಾಕ್ಕೊಂಡು ಕಿಟಕಿ ಹತ್ರ ಕೂತಿದ್ದಾರೆ, ಯಾರಾದ್ರೂ ನಿಜವಾಗ್ಲೂ ಎತ್ಕೊಂಡು ಹೋಗ್ಲಿ ಅಂತ."

ಆಗ ನರ್ಸಮ್ಮ ಎದ್ದಳು, ಕಣ್ಣಲ್ಲಿ ಧಾರಾಕಾರ ನೀರು. "ಅಕ್ಕಾ, ನೀವು ಫೋನ್ ಮಾಡ್ತೀರಿ ಅಂತ ಎಲ್ಲರೂ ಕಾಯ್ತಾ ಇದ್ವಿ. ಯಾರ ಮನೆಗೆ ಹೋಗ್ಬೇಕಾದ್ರೂ ನೀವೇ ಅಲ್ವಾ ಫೋನ್ ಮಾಡೋದು?"

ಸುಳ್ಳಲ್ಲ ಕಣೇ, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅಷ್ಟು ಜನ ದೊಡ್ಡವರು, ಓದಿದವರು, ಮಕ್ಕಳೊಂದಿಗರು, ಫೋನನ್ನು ಕೈಯಲ್ಲಿ ಹಿಡಿದು ನನ್ನ ಅಪ್ಪಣೆಗೆ ಕಾಯುತ್ತಾ ಕೂತಿದ್ದರು! ನಗಬೇಕೋ, ನಾಲ್ಕು ಬಿಗಿಯಬೇಕೋ ತಿಳಿಯಲಿಲ್ಲ. "ಓಹೋ, ನಾನೇ ಮಾಡ್ಬೇಕಿತ್ತಾ?" ಅಂದೆ. "'ಹಲೋ, ಫೋನಕ್ಕನ ಗಂಡನಿಗೆ ಹುಷಾರಿಲ್ಲವಂತೆ, ಪಾಪ ಅವಳೊಬ್ಬಳೇ ಇದ್ದಾಳಂತೆ, ಹೋಗಿ ನೋಡ್ಕೊಂಡು ಬನ್ನಿ' ಅಂತ ನಾನೇ ಹೇಳ್ಬೇಕಿತ್ತಾ?" ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಆಮೇಲೆ ನೋಡಬೇಕಿತ್ತು ನೀನು. ಕೊನೆಯ ಹಾಡು ಹಾಡಲೇ ಇಲ್ಲ. ಇಡೀ ಸಭೆ ನಮ್ಮ ಮೆಟ್ಟಿಲ ಮೇಲೆ! ಮೂರನೇ ಮಹಡಿಗೆ ಬರುವಷ್ಟರಲ್ಲಿ ಹೆಡ್‌ಮಾಸ್ಟರ್ ಏದುಸಿರು ಬಿಡುತ್ತಾ ಗೋಡೆ ಹಿಡಿದುಕೊಂಡಿದ್ದರು. ಹತ್ತಲಿ, ಅಂದುಕೊಂಡೆ. ಇವರನ್ನು ಕುರ್ಚಿಯ ಸಮೇತ ಎತ್ತಿದರು. ಮುಂದೆ ದರ್ಜಿ, ಹಿಂದೆ ಪಾಸ್ಟರ್, ಪ್ರತಿ ತಿರುವಿನಲ್ಲೂ ಹತ್ತು ಬಾಯಿ ಹತ್ತು ಸಲಹೆ. ದೇವಾಲಯದ ಬೀಗ ಮತ್ತೆ ತೆಗೆಸಿ, ಮೊದಲ ಸಾಲಿನಲ್ಲಿ ಕೂರಿಸಿ, ಇವರಿಗಾಗಿಯೇ ಆ ಕೊನೆಯ ಹಾಡು ಹಾಡಿದರು.

ಇವರು ತಿರುಗಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ನೋಡಿ ಮುಗಿಸಿ, ತಮ್ಮ ಆ ಒಂದು ಮಾತನ್ನು ಹೇಳಿದರು. ತೊದಲು ಮಾತು, ಹೆಡ್‌ಮಾಸ್ಟರ್ ಬಗ್ಗಿ ಕಿವಿಗೊಟ್ಟು ಕೇಳಿ, "ಸ್ತುತಿ! ಸ್ತುತಿ ಅಂತಿದ್ದಾರೆ! ಕಳ್ಕೊಂಡ ಮೇಲೆ ಬಂದ ಮೊದಲ ಮಾತೇ ಸ್ತುತಿ!" ಅಂತ ಕೂಗಿದರು. ಸಭೆಯೆಲ್ಲ "ಆಮೆನ್" ಅಂದಿತು. ಹೆಂಗಸರು ಅತ್ತರು. ನಾನು ತಿದ್ದಲಿಲ್ಲ.

ಇನ್ನು ಮೇಲೆ ಪ್ರತಿ ಭಾನುವಾರ ಬಂದು ಎತ್ತಿಕೊಂಡು ಹೋಗುತ್ತಾರಂತೆ. ನರ್ಸಮ್ಮ ದಿನಾ ಬಂದು ಕೈಕಾಲಿನ ವ್ಯಾಯಾಮ ಮಾಡಿಸುತ್ತಾಳಂತೆ. ಈಗಲೂ ಅಡುಗೆಮನೆಯಲ್ಲಿ ಮೂವರು ಸೇರಿ ನನ್ನ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡುತ್ತಿದ್ದಾರೆ. ಒಳ್ಳೆಯ ಜನ, ಇಲ್ಲವೆನ್ನುವುದಿಲ್ಲ. ಆದರೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯದೆ ಇರಲು ಕಾರಣ ಅವರಲ್ಲ.

ನಿನ್ನ ಹಾಸ್ಟೆಲಿನ ಹುಡುಗಿಯರೆಲ್ಲ ಚೆನ್ನಾಗಿರಲಿ. ನಿನ್ನ ಮಂಡಿನೋವು ಕಡಿಮೆಯಾಗಲಿ. ಕರ್ತನು ನಿನ್ನನ್ನು ಕೈಬಿಡದೆ ಕಾಯಲಿ.

ನಿನ್ನ ಅತ್ತಿಗೆ

ವಿ.ಸೂ.: ನಿನ್ನ ಅಣ್ಣ ಅಂದದ್ದು ಸ್ತುತಿ ಅಲ್ಲ. ನನಗೆ ಚೆನ್ನಾಗಿ ಗೊತ್ತು, ಬಾಗಿಲು ಸದ್ದಾದಾಗಲೆಲ್ಲ ಕೇಳಿದ್ದೇನೆ. ಅವರು ಅನ್ನುವುದು "ಪುಟ್ಟಿ." ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದಾಗ ಕರೆಯುತ್ತಿದ್ದ ಹೆಸರು. ನನ್ನ ಹೆಸರೂ ಬರಲಿಲ್ಲ, ದೇವರ ಹೆಸರೂ ಬರಲಿಲ್ಲ, ಅದೊಂದು ಬಂತು. ಇವತ್ತು ಅಷ್ಟು ಮುಖಗಳಲ್ಲಿ ಹುಡುಕಿದ್ದು ನಿನ್ನನ್ನು. ಮನೆಗೆ ಬಂದು ನಿನ್ನ ಕಾಗದ ತೆಗೆದು ಮತ್ತೆ ಓದಿದೆ: "ನೀನಿದ್ದೀಯಲ್ಲ ಅತ್ತಿಗೆ, ನನಗೆ ಧೈರ್ಯ. ಬೇಕಾದ್ರೆ ಒಂದು ಫೋನ್ ಮಾಡು, ಓಡಿ ಬರ್ತೀನಿ." ಸಭೆಯವರನ್ನು ಹೇಗೋ ಕ್ಷಮಿಸಿಯೇನು. ನೀನೂ ಅದೇ ಮಾತು ಬರೆದೆಯಲ್ಲೇ! ನಾನು ಫೋನ್ ಮಾಡುವುದಿಲ್ಲ, ಪುಟ್ಟಿ. ನಿನ್ನನ್ನು ಕರೆಯುತ್ತಿರುವುದು ನಾನಲ್ಲ.