ಅಮ್ಮನ ಬೆಣ್ಣೆ ಡಬ್ಬಿ

ತಮ್ಮಾ,

ನಿನ್ನ ಫೋಟೋ ಬಂತು. ಅಮ್ಮನ ಹೊಟ್ಟೆಯಿಂದ ತೆಗೆದ ಕೊಬ್ಬಿನ ಕಾಂಡಕೋಶಗಳು ನಿಮ್ಮ ಲ್ಯಾಬಿನಲ್ಲಿ ನರಕೋಶಗಳಾಗಿ ಕೈಚಾಚಿವೆಯಂತೆ. ಸಂತೋಷ. ಇದು ಬರೀ ಸಂಶೋಧನೆ, ಅಮ್ಮನ ಸ್ವಾಧೀನ ತಪ್ಪಿದ ಕಾಲಿಗೆ ವಾಪಸ್ ಹಾಕೋದಲ್ಲ ಅಂತ ಈಗ ನನಗೆ ಮಾತ್ರ ಬರೆದಿದ್ದೀಯಲ್ಲ, ಒಪ್ಪಿಗೆ ಕಾಗದಕ್ಕೆ ಅಮ್ಮನ ಸಹಿ ಹಾಕಿಸಿಕೊಂಡ ದಿನ ನಿನ್ನ ಬಾಯಿಗೆ ಬೀಗ ಬಿದ್ದಿತ್ತಾ? "ಇದರಿಂದ ನರ ಆಗುತ್ತೆ ಕಣಮ್ಮ" ಅಂತ ಮೂಗಿಗೆ ತುಪ್ಪ ಸವರಿ ಹೋದೆ.

ಇಲ್ಲಿಯ ಕಥೆ ಕೇಳು. ಆ ಫೋಟೋ ಈಗ ಅಮ್ಮನ ಹಾಸಿಗೆ ಪಕ್ಕದ ಗೋಡೆ ಮೇಲಿದೆ. ಬಂದವರಿಗೆಲ್ಲ "ನನ್ನ ಕಾಲು ಬೆಳೀತಿದೆ, ನೋಡಿ" ಅಂತಾಳೆ. ಡಾಕ್ಟರು ಬೇಡ ಅಂತ ಬಡ್ಕೊಂಡರೂ ಬೆಣ್ಣೆಯನ್ನು ಚಮಚಗಟ್ಟಲೆ ತಿನ್ನುತ್ತಾಳೆ. ಡಬ್ಬಿ ಕಿತ್ತುಕೊಂಡರೆ ನನಗೇ ಗದರುತ್ತಾಳೆ: "ಎರಡೂ ಕಾಲಿಗೆ ಆಗಬೇಕಲ್ಲೇ, ಅವನಿಗೆ ಕೊಬ್ಬು ಸಾಲದೆ ಹೋದರೆ?"

ಭಾನುವಾರ ಬಾ. ಫೋನಲ್ಲಿ ಬೇಡ, ಪಕ್ಕದಲ್ಲಿ ಕೂತು ನಿನ್ನ ಬಾಯಿಂದಲೇ ನಿಜ ಹೇಳು. ಅದಕ್ಕೂ ಮೊದಲು ಅವಳು ಹೊಟ್ಟೆ ಮುಟ್ಟಿಕೊಂಡು "ಎಷ್ಟು ಕೂಡಿಟ್ಟಿದ್ದೀನಿ, ನೋಡಪ್ಪಾ" ಅಂತಾಳೆ. ಆಗ ಮುಖ ತಿರುಗಿಸಬೇಡ. ನಾನೂ ತಿರುಗಿಸಲ್ಲ.

ಆ ಕಾಗದಕ್ಕೆ ಓದದೇ ಸಾಕ್ಷಿ ಸಹಿ ಹಾಕಿದ
ನಿನ್ನ ಅಕ್ಕ