ಹದಿನಾರೋ ಹದಿನೆಂಟೋ

ಡನ್‌ಬೀ ಕ್ರೀಕ್, ರೀಫ್ಟನ್ ದಾರಿ
ಮೇ 9, 2022

ಪ್ರೀತಿಯ ಅಣ್ಣ ಮುರ್ಡೊಗೆ,

ನಿನ್ನ ಈಸ್ಟರ್ ಕಾರ್ಡು ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಕೂತೆ, ಎದ್ದೆ, ಮತ್ತೆ ಕೂತೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಗಣಿಯ ಗದ್ದಲದೊಳಗಿನಿಂದ "ಸರಿ ಸರಿ, ಆಮೇಲೆ?" ಅನ್ನುತ್ತೀ. ನನಗೆ ಹೇಳಬೇಕಾದ್ದೆಲ್ಲ ಗಂಟಲಲ್ಲೇ ಉಳಿಯುತ್ತದೆ. ನನ್ನ ಬರವಣಿಗೆ ನಿನಗೆ ಗೊತ್ತೇ ಇದೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ಇಲ್ಲಿ ಎಲ್ಲರೂ ಕ್ಷೇಮ. ಮೇ ಬಂತು, ಚಳಿಗಾಲ ಬಾಗಿಲಲ್ಲಿದೆ. ಮೊದಲ ಇಬ್ಬನಿ ಹೆಪ್ಪುಗಟ್ಟಿ ಬಿದ್ದಿದೆ, ಕಚ್ಚುವ ನೊಣಗಳ ಕಾಟ ಸ್ವಲ್ಪ ಕಡಿಮೆ. ನನ್ನ ಗಂಡ ವಿರೇಮು ಮೀನಿನ ಹಡಗಿನಲ್ಲಿದ್ದಾನೆ, ತಿಂಗಳ ಕೊನೆಗೆ ಬರುತ್ತಾನೆ. ಇನ್ನೊಂದು ಸಂಗತಿ ಇದೆ. ಮೊದಲಿಗೇ ಬರೆಯಬೇಕಾಗಿತ್ತು, ನಾಚಿಕೆಯಾಯಿತು. ನನಗೀಗ ನಾಲ್ಕು ತಿಂಗಳು. ನೀನು ಮಾವನಾಗುತ್ತೀ.

ಈ ಪತ್ರ ಒಂದು ಅನುಮತಿ ಕೇಳಲಿಕ್ಕೆ. ಅಪ್ಪನ ಕೋವಿಯ ನಳಿಗೆಯನ್ನು ಕತ್ತರಿಸಿ ಸೈಲೆನ್ಸರ್ ಹಾಕಿಸಬೇಕೆಂದಿದ್ದೇನೆ. ನೀನು ಕೋವಿ ಲೈಸೆನ್ಸ್ ತೆಗೆದುಕೊಂಡ ದಿನವೇ ಅಪ್ಪ ಅದನ್ನು ನಿನ್ನದೆಂದು ಹೇಳಿದ್ದ. ಹಾಗಾಗಿ ನಿನ್ನನ್ನು ಕೇಳದೆ ಮಾಡುವ ಹಾಗಿಲ್ಲ. ಒಮ್ಮೆ ಕತ್ತರಿಸಿದ ನಳಿಗೆ ಮತ್ತೆ ಬೆಳೆಯುವುದಿಲ್ಲ.

ಚಳಿಗಾಲಕ್ಕೆ ಮಾಂಸ ಬೇಕು. ಅಪ್ಪನೊಬ್ಬನನ್ನೇ ಕಾಡಿಗೆ ಕಳಿಸಲು ನನಗೀಗ ಧೈರ್ಯವಿಲ್ಲ, ಹೋಗುವವಳು ನಾನೇ. ಆದರೆ ನರ್ಸಮ್ಮ ಹೇಳಿದಳು, ಇನ್ನು ಮೇಲೆ ಹೊರಗಿನ ದೊಡ್ಡ ಸದ್ದು ಒಳಗಿನ ಕೂಸಿಗೂ ಮುಟ್ಟುತ್ತದಂತೆ. ಅಂದಿನಿಂದ ನಿದ್ದೆಯಿಲ್ಲ. ಕಣಿವೆಯಲ್ಲಿ ಎಲ್ಲರ ಕೋವಿಯ ತುದಿಯಲ್ಲೂ ಸದ್ದು ತಗ್ಗಿಸುವ ಸೈಲೆನ್ಸರ್ ಡಬ್ಬಿ ಕೂತಿದೆ. ಬೋಳು ಮೂತಿಯದು ನಮ್ಮದೊಂದೇ. ಅಪ್ಪನ ಮಾತು ಗೊತ್ತಲ್ಲ, "ಸದ್ದು ಮಾಡೋಕೆ ಹೆದರೋನು ಕೋವಿ ಯಾಕೆ ಹಿಡೀಬೇಕು?"

ಕೋವಿ ರಿಪೇರಿಯ ಆಲ್ವಿನ್ ಮಾಮನ ಹತ್ತಿರ ಹೋದೆ. ಅವನು ನಳಿಗೆಯನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಬೆಕ್ಕಿನ ಬೆನ್ನು ಸವರುವ ಹಾಗೆ ಸವರಿದ.

"ಈಗ ಇಪ್ಪತ್ತೆರಡು ಇಂಚು ಐತೆ. ಇದರ ಮೇಲೆ ಡಬ್ಬಿ ಕೂರಿಸಿದ್ರೆ ಮೀನು ಹಿಡಿಯೋ ಗಳ ಆಗುತ್ತೆ, ತಾಯಿ. ಬಳ್ಳಿ ಒಳಗೆ ತಿರುಗಿಸೋಕಾಗಲ್ಲ."

"ಹಾಗಾದ್ರೆ ತುಂಬಾ ಗಿಡ್ಡ ಮಾಡಿಬಿಡು ಮಾಮ."

"ಗಿಡ್ಡ ಮಾಡಿದ್ರೆ ಗುಂಡಿನ ಓಟ ಕಮ್ಮಿ ಆಗುತ್ತೆ. ದೂರ ಹೋಗೋ ಹೊತ್ತಿಗೆ ಅದು ಒಳಗೆ ಹೋಗಿ ಅರಳಲ್ಲ, ತೂತು ಮಾಡ್ಕೊಂಡು ಆಚೆ ಹೋಗ್ಬಿಡುತ್ತೆ. ಜಿಂಕೆ ಸಾಯಲ್ಲ, ಎಲ್ಲೋ ಹೋಗಿ ಮೂರು ದಿನ ನರಳುತ್ತೆ. ಪೊದೆಯೊಳಗೆ ಹದಿನಾರು ಇಂಚು ಸಾಕು, ಅಲ್ಲಿ ಐವತ್ತು ಗಜ ಕಂಡರೇ ಪುಣ್ಯ. ಬೋಳುಗುಡ್ಡದಲ್ಲಿ ಕಣಿವೆ ದಾಟಿಸಿ ಹೊಡೆಯೋನಿಗೆ ಹದಿನೆಂಟಾದ್ರೂ ಇರಲಿ. ಯಾರು ಹಿಡೀತಾರೆ ಅನ್ನೋದು ಮೊದಲು ಹೇಳು."

ಯಾರು ಹಿಡಿಯುತ್ತಾರೆ? ನಾನು ಪೊದೆಯವಳು, ನೀನು ಬೋಳುಗುಡ್ಡದವನು. ಆಲ್ವಿನ್ ಮಾಮ ನಕ್ಕು ಮತ್ತೊಂದು ಮಾತು ಹೇಳಿದ. "ಡಬ್ಬಿ ಹಾಕಿಸ್ತಿರೋದು ಒಳ್ಳೇದಾಯ್ತು ಬಿಡು. ಬಲಹೆಗಲಿಗೆ ಕೋವಿ ಒತ್ತಿ ಹೊಡೆಯೋರಿಗೆ ಎಡಗಿವಿನೇ ಮೊದಲು ಹೋಗೋದು. ಆ ಕಿವಿ ಮೂತಿ ಕಡೆ ಇರುತ್ತಲ್ಲ. ನಿನ್ನಪ್ಪನ ಎಡಕ್ಕೆ ನಿಂತು ಮಾತಾಡೋದೂ ಒಂದೇ, ಈ ಬೆಂಚಿಗೆ ಮಾತಾಡೋದೂ ಒಂದೇ."

ನಾನು ತಮಾಷೆ ಅಂದುಕೊಂಡೆ. ಮನೆಗೆ ಬಂದು ಅಪ್ಪನ ಎಡಕ್ಕೆ ನಿಂತು, "ಅಪ್ಪ, ನಿನ್ನ ಗಡ್ಡಕ್ಕೆ ಬೆಂಕಿ ಬಿದ್ದಿದೆ" ಅಂದೆ. ಆಲೂಗಡ್ಡೆ ಸುಲಿಯುತ್ತಲೇ ಇದ್ದ. ನಗು ಬರಲಿಲ್ಲ ಅಣ್ಣ. ಇಷ್ಟು ವರ್ಷ ಕರೆದರೂ ಓಗೊಡದ ಸಿಡುಕ ಅಂದುಕೊಂಡಿದ್ದೆವಲ್ಲ.

ಅಳತೆ ಮಾತ್ರ ತಲೆಯಿಂದ ಇಳಿಯಲೇ ಇಲ್ಲ. ಹಗಲು ಹದಿನಾರು ಅನ್ನಿಸುತ್ತದೆ, ಹಾಸಿಗೆಗೆ ಬಿದ್ದರೆ ಹದಿನೆಂಟು. ಕೊನೆಗೆ ಹಳೆಯ ಪೊರಕೆಯ ಕೋಲು ತೆಗೆದುಕೊಂಡು ಕೋವಿಯಷ್ಟೇ ಉದ್ದಕ್ಕೆ ಕತ್ತರಿಸಿ, ನಳಿಗೆಯ ಹದಿನಾರು ಇಂಚು ಮುಗಿಯುವಲ್ಲಿ ಗುರುತು ಹಾಕಿ, ತುದಿಗೆ ಸೂಪಿನ ಖಾಲಿ ಡಬ್ಬಿ ಹೊಡೆದೆ. ಅದನ್ನು ಹೆಗಲಿಗೇರಿಸಿ ಹಿತ್ತಲಾಚೆಯ ಕರಿಬಳ್ಳಿಯ ಪೊದೆಯೊಳಗೆ ನುಗ್ಗಿದೆ. ಮೊದಲ ಮರದ ದಿಮ್ಮಿಯ ಕೆಳಗೇ ಡಬ್ಬಿ ಸಿಕ್ಕಿಕೊಂಡಿತು. ಎಳೆದರೆ ಬಳ್ಳಿಯೂ ಬಂತು, ನಾನೂ ಬಿದ್ದೆ. ಬೀಳುವಾಗ ಕೋಲು ಬಿಟ್ಟು ಎರಡೂ ಕೈ ಹೊಟ್ಟೆಗೆ ಹೋದವು.

ತಲೆಯೆತ್ತಿದರೆ ಅಪ್ಪ ನಿಂತಿದ್ದ. ಅವನಿಗೆ ನಾನಿನ್ನೂ ಹೇಳಿರಲಿಲ್ಲ. ಹೇಗೆ ಹೇಳುವುದು, ಕೂಗಿ ಹೇಳುವ ಮಾತೇ ಅದು?

"ಪೊರಕೆ ಹಿಡ್ಕೊಂಡು ಕಾಡು ಗುಡಿಸ್ತಿದ್ದೀಯಾ?" ಅಂದ. ಆಮೇಲೆ ನನ್ನ ಕೈಗಳನ್ನು ನೋಡಿದ. "ಎಷ್ಟು ತಿಂಗಳು?"

ನಾನು ನಾಲ್ಕು ಬೆರಳು ತೋರಿಸಿದೆ.

"ಅದಕ್ಕೇನಾ ಆ ಡಬ್ಬಿ?"

ತಲೆಯಾಡಿಸಿದೆ. ಬೈಯುತ್ತಾನೆ ಅಂದುಕೊಂಡೆ. ಅವನು ಕೋಲನ್ನು ಬಳ್ಳಿಯಿಂದ ಬಿಡಿಸಿಕೊಂಡು ಸೌದೆಯ ಕೊಟ್ಟಿಗೆಗೆ ನಡೆದ. ಗರಗಸ ತೆಗೆದುಕೊಂಡು, ಹೆಬ್ಬೆರಳನ್ನು ಹದಿನಾರರ ಗುರುತಿನ ಮೇಲೆ ಇಟ್ಟ. ತೆಗೆದ. ಮತ್ತೆ ಇಟ್ಟ. ಆಮೇಲೆ ಸ್ವಲ್ಪ ಮುಂದಕ್ಕೆ ಸರಿಸಿ ಕತ್ತರಿಸಿ, ಡಬ್ಬಿಯನ್ನು ಮತ್ತೆ ಹೊಡೆದು ನನ್ನ ಕೈಗೆ ಕೊಟ್ಟ. ಅಳೆದು ನೋಡಿದೆ, ಹದಿನೆಂಟು.

"ಅಪ್ಪ, ನಂಗೆ ಹದಿನಾರೇ ಸಾಕಲ್ವಾ?" ಅವನ ಬಲಕ್ಕೆ ಬಂದು ಕೇಳಿದೆ.

"ನಿಂಗೆ ಸಾಕು. ಅವನು ಬೋಳುಗುಡ್ಡಕ್ಕೆ ಹೋಗೋನು. ಗಾಯ ಮಾಡಿ ಬಿಟ್ಟು ಬರೋ ಕೋವಿ ಅವನಿಗೆ ಕೊಡೋಕಾಗುತ್ತಾ? ಎರಡಿಂಚು ನೀನು ಸಹಿಸ್ಕೋ, ಮಗಳೇ."

ನೀನು ಹೋದ ಮೇಲೆ ಅಪ್ಪ ನಿನ್ನ ಹೆಸರು ಎತ್ತಿದವನೇ ಅಲ್ಲ. ಆವತ್ತೂ ಹೆಸರು ಹೇಳಲಿಲ್ಲ, "ಅವನು" ಅಂದ ಅಷ್ಟೆ.

ಹದಿನೆಂಟರ ಕೋಲು ಹಿಡಿದು ಮತ್ತೆ ಬಳ್ಳಿಯೊಳಗೆ ಹೋಗಿ ಬಂದೆ. ಎರಡು ಕಡೆ ಸಿಕ್ಕಿಕೊಳ್ಳುತ್ತದೆ. ಬಗ್ಗಿದರೆ ಬರುತ್ತದೆ. ಆಲ್ವಿನ್ ಮಾಮ ಮುಂದಿನ ವಾರ ಕತ್ತರಿಸುತ್ತಾನೆ. ಬೇಡವೆಂದರೆ ಅಷ್ಟರೊಳಗೆ ಒಂದು ಮಾತು ತಿಳಿಸು. ನಾನು ಸಿಟ್ಟು ಮಾಡಿಕೊಳ್ಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಆ ಗಣಿಯ ಕೆಂಪು ಧೂಳಿನಲ್ಲಿ ಕೆಮ್ಮು ಬರದ ಹಾಗೆ ನೋಡಿಕೋ. ನಿನ್ನ ಕಾಲು ನೆಲದ ಮೇಲೆ ಗಟ್ಟಿಯಾಗಿರಲಿ, ದೇವರು ನಿನ್ನ ಬೆನ್ನ ಹಿಂದೆ ಇರಲಿ.

ನಿನ್ನ ತಂಗಿ,
ಐಲ್ಸಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಬೆಳಿಗ್ಗೆ ನಾನು ಚಹಾ ಕೊಡುವಾಗ ಅಪ್ಪ ತಾನಾಗಿ ಕೇಳಿದ, "ಹುಡುಗ ಹೋಗುವಾಗ ಒಂದು ಮಾತೂ ಹೇಳಲಿಲ್ಲವಲ್ಲ, ಯಾಕೆ?" ನೀನು ನನಗೆ ಹೇಳಿದ್ದನ್ನು ಹಾಗೆಯೇ ಹೇಳಿಬಿಟ್ಟೆ. ಅವನು ಒಲೆಯ ಮುಂದೆ ಕುರ್ಚಿಯಲ್ಲಿ ಕೂತಿದ್ದಾಗ ನೀನು ಬಾಗಿಲಲ್ಲಿ ಚೀಲ ಹಿಡಿದು ನಿಂತು, "ಅಪ್ಪ, ನೀನು ಇರು ಅಂದ್ರೆ ಇರ್ತೀನಿ" ಅಂದಿದ್ದು, ಅವನು ತಿರುಗಿಯೂ ನೋಡದೆ ಇದ್ದದ್ದು, ಎಲ್ಲ. ಅಪ್ಪ ಲೋಟ ಕೆಳಗಿಟ್ಟ. "ಬಾಗಿಲಲ್ಲೇ ನಿಂತಿದ್ನಾ?" ಅಂತ ಮಾತ್ರ ಕೇಳಿದ. ಆ ಕುರ್ಚಿಯಲ್ಲಿ ಕೂತರೆ ಬಾಗಿಲು ಎಡಕ್ಕೆ ಬರುತ್ತದೆ, ನೆನಪಿದೆಯಾ ಅಣ್ಣ? ಮಧ್ಯಾಹ್ನ ನಾನು ಕೋಳಿಗೆ ಕಾಳು ಹಾಕಿ ಬಂದು ನೋಡಿದರೆ ಕುರ್ಚಿಯನ್ನು ಒಲೆಯ ಆಚೆ ಬದಿಗೆ ಎಳೆದು ತಿರುಗಿಸಿ ಇಟ್ಟುಕೊಂಡಿದ್ದ. ಬೆನ್ನಿಗೆ ಕಿಟಕಿಯ ಚಳಿಗಾಳಿ ಹೊಡೆಯುತ್ತದೆ. ಆದರೂ ಅಲ್ಲೇ ಕೂತಿದ್ದಾನೆ, ಬಲಗಿವಿಯನ್ನು ಬಾಗಿಲ ಕಡೆಗಿಟ್ಟುಕೊಂಡು.